ತುಪ್ಪದ ಡಬ್ಬಿ ಹಾರಿದ ಚಳಿಗಾಲ

ಹೋದ ತಿಂಗಳು ಒಂದು ತರಬೇತಿಗೆಂದು ಚಿಕ್ಕೋಡಿಗೆ ಹೋಗಿದ್ದೆ. ಮುಗಿಸಿಕೊಂಡು ನಿಪ್ಪಾಣಿ ಕಡೆ ಹೊರಟ ಬಸ್ಸು ಯಾವುದೋ ಕಾರಣಕ್ಕೆ ಒಂದು ಸೈಜಿಂಗ್ ಕಾರ್ಖಾನೆಯ ಮುಂದೆ ನಿಂತಿತು. ಪವರ್‌ಲೂಮಿಗೆ ಹೋಗುವ ನೂಲಿಗೆ ಗಂಜಿ ಹಚ್ಚಿ, ಉಗಿಯಿಂದ ಒಣಗಿಸುವ ಜಾಗವದು. ಕುದಿಯುವ ಗಂಜಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಸ್ವಲ್ಪ ಹುಳಿ, ಸ್ವಲ್ಪ ತಳ ಹತ್ತಿದ ಅನ್ನದ ಹಾಗೆ. ಪಕ್ಕದಲ್ಲಿದ್ದ ಗೆಳತಿ ಮೂಗಿಗೆ ಸೆರಗು ಹಿಡಿದಳು. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಬಸ್ಸು ಮತ್ತೆ ಹೊರಟ ಮೇಲೂ ಬಹಳ ಹೊತ್ತು ಅದನ್ನು ಬಿಡಲಾಗಲಿಲ್ಲ.

ನನ್ನ ಮೊದಲ ನೇಮಕಾತಿ ಇದೇ ಸೀಮೆಯಲ್ಲಿ, ಬೋರಗಾಂವದ ಆಚೆಗಿನ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆಯಲ್ಲಿ. ನಾನು ಹಾವೇರಿ ಕಡೆಯವಳು. ಮಕ್ಕಳು ಒಂದೇ ಮಾತನ್ನು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದರು. ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅವರ ಮುಖ ನೋಡಿ ಊಹಿಸುತ್ತಿದ್ದೆ. ಅಲ್ಲಿ ಶಿಕ್ಷಕಿಯನ್ನು ‘ಬಾಯಾರ’ ಎನ್ನುತ್ತಾರೆ. ಶಾಲೆಯ ಎದುರಿಗೇ, ಒಂದು ಓಣಿಯಷ್ಟು ಅಗಲದ ರಸ್ತೆ ದಾಟಿದರೆ, ಸೈಜಿಂಗ್ ಕಾರ್ಖಾನೆಯ ಗೇಟು. ಮುಂಜಾನೆ ಪ್ರಾರ್ಥನೆಗೆ ನಿಂತಾಗಲೇ ಗಂಜಿಯ ವಾಸನೆ ಶುರುವಾಗುತ್ತಿತ್ತು. ಹಿಂದಿನ ಓಣಿಗಳಿಂದ ಮಗ್ಗಗಳ ಖಟಾಖಟ್ ಶಬ್ದ ದಿನವಿಡೀ ನಿಲ್ಲುತ್ತಿರಲಿಲ್ಲ. ಕರೆಂಟು ಹೋಗಿ ಅದು ನಿಂತಾಗ ಮಾತ್ರ ನಾನು ಎಷ್ಟು ಜೋರಾಗಿ ಪಾಠ ಮಾಡುತ್ತಿದ್ದೇನೆಂಬುದು ನನಗೇ ಕೇಳಿಸುತ್ತಿತ್ತು.

ಪ್ರಯೋಗಾಲಯವೆಂದರೆ ಒಂದು ಕಪಾಟು. ಅದರೊಳಗೆ ಎರಡು ಒಡೆದ ಬೀಕರು, ಒಂದು ಭೂತಗನ್ನಡಿ. ಹಾಗಾಗಿ ಒಂಬತ್ತನೆಯ ತರಗತಿಗೆ ಚಲನೆಯ ನಿಯಮಗಳನ್ನು ಹೇಳುವಾಗ ನಾನು ಮನೆಯ ಸಾಮಾನನ್ನೇ ಚೀಲದಲ್ಲಿ ಹೊತ್ತು ತರುತ್ತಿದ್ದೆ. ಮೊದಲು ದಾರಕ್ಕೆ ಪೋಣಿಸಿದ ಸ್ಟ್ರಾಗೆ ಬಲೂನು ಅಂಟಿಸಿ ಬಿಟ್ಟೆವು. ಅದು ತರಗತಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಸುಯ್ಯೆಂದು ಹೋಯಿತು. ಆಮೇಲೆ ತಂಪು ಪಾನೀಯದ ಖಾಲಿ ಡಬ್ಬಿಯ ಎರಡು ಬದಿಗೆ ಓರೆಯಾಗಿ ತೂತು ಕೊರೆದು, ಒಳಗೆ ನಾಲ್ಕು ಚಮಚ ನೀರು ಹಾಕಿ, ದಾರದಲ್ಲಿ ತೂಗುಬಿಟ್ಟು ಕೆಳಗೆ ಮೇಣದಬತ್ತಿ ಹಚ್ಚಿದೆವು. ನೀರು ಕುದಿದಂತೆ ತೂತುಗಳಿಂದ ಉಗಿ ಚಿಮ್ಮಿ, ಡಬ್ಬಿ ಗರಗರ ತಿರುಗಿತು. ಉಗಿ ಹಿಂದಕ್ಕೆ, ಡಬ್ಬಿ ಮುಂದಕ್ಕೆ. ನಾನು ಹಲಗೆಯ ಮೇಲೆ ಬರೆಯುವ ಮುಂಚೆಯೇ ಮಕ್ಕಳು ಅದನ್ನು ಕೂಗಿ ಹೇಳಿದರು.

ಅವತ್ತು ಎದ್ದು ನಿಂತವಳು ಸಾನಿಕಾ. ಎರಡು ಜಡೆ, ಯಾವಾಗಲೂ ಮಸಿ ಹತ್ತಿದ ಬೆರಳು. ಎದುರಿನ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಭರಮಪ್ಪನ ಒಬ್ಬಳೇ ಮಗಳು. “ಬಾಯಾರ, ಡಬ್ಬಿ ನಿಂತಲ್ಲೇ ತಿರಗತೈತಿ. ಅದರ ಬುಡಕ ಗಾಲಿ ಹಚ್ಚಿದ್ರ ಓಡೂದಿಲ್ಲೇನ್ರಿ?”

“ಓಡಬೇಕಲ್ಲ!” ಎಂದೆ. ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಈಗಲೂ ಅಲ್ಲಗಳೆಯಲಾರೆ. ಚಿಕ್ಕೋಡಿಯಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನವಿತ್ತು, ಮೂರು ವಾರ ಬಾಕಿ. ಉಳಿದ ಶಾಲೆಗಳು ಥರ್ಮಾಕೋಲಿನ ಜ್ವಾಲಾಮುಖಿ ತರುತ್ತವೆ, ನಾವು ಓಡುವ ಉಗಿಬಂಡಿ ಒಯ್ಯುತ್ತೇವೆ ಎಂಬ ಆಸೆ ನನ್ನ ತಲೆ ಹೊಕ್ಕಿತು.

ಸಾನಿಕಾ ಮನೆಯಿಂದ ತುಪ್ಪದ ತಗಡಿನ ಡಬ್ಬಿ ತಂದಳು. ಮಗ್ಗದವರು ಬಿಸಾಡಿದ, ನೂಲು ಸುತ್ತುವ ಕಟ್ಟಿಗೆಯ ಬಾಬಿನ್‌ಗಳನ್ನು ಮಕ್ಕಳು ಕೊಯ್ದು ಗಾಲಿ ಮಾಡಿ, ಮೇಲೆ ಡಬ್ಬಿಯನ್ನು ಅಡ್ಡ ಮಲಗಿಸಿದರು. ಮುಚ್ಚಳಕ್ಕೆ ಸುತ್ತಲೂ ಬೆಸುಗೆ ಹಾಕಿಸಿದೆವು. ಉಗಿ ಹೊರಬರಲು ಹಿಂದುಗಡೆ ಅವಳು ಒಂದು ಮೊಳೆಯ ತೂತು ಹೊಡೆದಿದ್ದಳು. ಬಂಡಿ ಅಲುಗಲಿಲ್ಲ, ಉಗಿ ಸುಮ್ಮನೆ ಸೋರಿಹೋಯಿತು. ತೂತು ಸಣ್ಣದಾದಷ್ಟೂ ಉಗಿಯ ರಭಸ ಹೆಚ್ಚು ಎಂದು ಹೇಳಿದವಳು ನಾನು. ಮನೆಯ ಹಳೆಯ ಸೀಮೆಎಣ್ಣೆ ಸ್ಟೋವಿನ ನಿಪ್ಪಲ್ ಬಿಚ್ಚಿ ತಂದು ಆ ತೂತಿಗೆ ಕೂರಿಸಿದವಳೂ ನಾನೇ. ಸೂಜಿಯ ಮೊನೆಯಷ್ಟು ಸಣ್ಣ ತೂತು ಅದಕ್ಕೆ. ಸ್ಟೋವು ಹಚ್ಚುವಾಗ ಅಮ್ಮ ಪ್ರತಿ ಸಲ ಪಿನ್ನು ಹಾಕಿ ಅದನ್ನು ಬಿಡಿಸುತ್ತಿದ್ದದ್ದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಆದರೂ ಅದು ಕಟ್ಟಿಕೊಳ್ಳಬಹುದೆಂದು ನನಗೆ ಹೊಳೆಯಲಿಲ್ಲ.

ಚಳಿಗಾಲದ ಒಂದು ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ, ಶಾಲೆಯ ಅಂಗಳದ ಸಿಮೆಂಟು ನೆಲದ ಮೇಲೆ ಬಂಡಿ ಇಟ್ಟೆವು. ಕೆಳಗೆ ತಗಡಿನ ತಟ್ಟೆಯಲ್ಲಿ ಆರು ಮೇಣದಬತ್ತಿ. ಸುತ್ತ ಇಪ್ಪತ್ತಾರು ಮಕ್ಕಳು. ಸ್ವಲ್ಪ ಹೊತ್ತಿಗೆ ನಿಪ್ಪಲ್ಲಿನಿಂದ ತೆಳ್ಳಗೆ ಶಿಳ್ಳೆಯಂಥ ಸದ್ದು ಹೊರಟು, ಬಂಡಿ ನಡುಗಿ, ನಿಧಾನವಾಗಿ ನಾಲ್ಕು ಅಡಿ ಮುಂದೆ ಹೋಯಿತು. ಮಕ್ಕಳ ಕೂಗಿಗೆ ರಸ್ತೆಯಲ್ಲಿ ಹೋಗುವವರು ಕಾಂಪೌಂಡಿನ ಮೇಲಿಂದ ಇಣುಕಿದರು. ಒಬ್ಬಾತ ಮೊಬೈಲು ತೆಗೆದ.

“ಇನ್ನೊಮ್ಮೆ! ಇನ್ನೊಮ್ಮೆ!”

ಡಬ್ಬಿ ಆರಿದ ಮೇಲೆ ನಿಪ್ಪಲ್ ಬಿಚ್ಚಿ ನೀರು ತುಂಬಿಸಿ, ಬಿಗಿದು, ಮತ್ತೆ ಬತ್ತಿ ಹಚ್ಚಿದೆವು. ಈ ಸಲ ಶಿಳ್ಳೆ ಬರಲಿಲ್ಲ. ಒಂದು ನಿಮಿಷ, ಎರಡು, ಐದು. ಒಳಗೆ ನೀರು ಕುದಿಯುವ ಸದ್ದು ಮೊದಲು ಕೇಳುತ್ತಿತ್ತು, ಬರಬರುತ್ತ ಅದೂ ನಿಂತಿತು. ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡುತ್ತಿದ್ದರು. ಸಾನಿಕಾ ಮಂಡಿಯೂರಿ ಕೂತು ಡಬ್ಬಿಯ ಹಿಂಭಾಗಕ್ಕೆ ಮುಖ ತಂದಿದ್ದಳು. ಅವಳ ಕೈಯಲ್ಲಿ ಸ್ಟೋವಿನ ಪಿನ್ನಿತ್ತು.

ಆಗ ನಾನು ಡಬ್ಬಿಯ ಬದಿ ನೋಡಿದೆ. ಚಪ್ಪಟೆಯಾಗಿದ್ದ ಮುಚ್ಚಳ ಪೂರಿಯ ಹಾಗೆ ಉಬ್ಬಿತ್ತು.

ಅವಳ ಜಡೆ ಹಿಡಿದು ಎಳೆದೆ. ಹೌದು, ಜಡೆಯನ್ನೇ. ಕೈಗೆ ಸಿಕ್ಕಿದ್ದು ಅದು. ಅವಳು ಬೆನ್ನ ಮೇಲೆ ಬಿದ್ದಳು. “ಓಡ್ರೋ, ಗೋಡೆ ಹಿಂದೆ ಹೋಗ್ರಿ” ಎಂದು ಕಿರುಚಿದೆ. ನನ್ನ ದನಿ ಕೇಳಿಯೇ ಕೆಲವರು ಅಳಲು ಶುರುಮಾಡಿದರು. ಎಲ್ಲರನ್ನೂ ನೀರಿನ ಟಾಕಿಯ ಹಿಂದೆ ತಳ್ಳಿ ನಿಂತು ತಿರುಗಿ ನೋಡಿದರೆ, ಅಂಗಳದ ನಡುವೆ ಬಂಡಿ ಒಂಟಿಯಾಗಿ ನಿಂತಿದೆ, ಕೆಳಗೆ ಆರೂ ಬತ್ತಿ ಉರಿಯುತ್ತಿವೆ. ಗಾಳಿಯಿರಲಿಲ್ಲ. ಒಂದೂ ಆರುವಂತಿರಲಿಲ್ಲ. ಹತ್ತಿರ ಹೋಗಿ ಊದುವ ಧೈರ್ಯ ನನಗಿರಲಿಲ್ಲ, ಹೋಗದೆ ನಿಂತಿರುವುದೂ ಆಗುತ್ತಿರಲಿಲ್ಲ. ಮಕ್ಕಳನ್ನು ಎಣಿಸಿದೆ. ಇಪ್ಪತ್ತೈದು. ಮತ್ತೆ ಎಣಿಸಿದೆ. ಇಪ್ಪತ್ತೈದೇ.

ಸಾನಿಕಾ ಇರಲಿಲ್ಲ.

ಆ ಒಂದೆರಡು ನಿಮಿಷ ನಾನು ಏನೇನು ಯೋಚಿಸಿದೆನೋ ಬರೆಯಲಾರೆ. ಅಷ್ಟರಲ್ಲಿ ಗೇಟಿನ ಕಡೆಯಿಂದ ಅವಳು ಓಡಿಬಂದಳು. ಹಿಂದೆ ಅವಳ ಅಪ್ಪ, ಬನಿಯನ್ನಿನ ಮೇಲೆ, ಕೈಯಲ್ಲಿ ಕಲ್ಲಿದ್ದಲು ಕೆದಕುವ ಉದ್ದನೆಯ ಕಬ್ಬಿಣದ ಕೊಂಡಿ ಹಿಡಿದು. ಅವಳು ಯಾರನ್ನೂ ಕೇಳದೆ ರಸ್ತೆ ದಾಟಿ ಅಪ್ಪನನ್ನು ಕರೆದು ತಂದಿದ್ದಳು.

ಭರಮಪ್ಪ ಓಡಲಿಲ್ಲ. ದೂರದಲ್ಲೇ ನಿಂತು ಡಬ್ಬಿಯನ್ನು ನೋಡಿದ. “ಬೆಂಕಿ ಹಚ್ಚಿ ಎಷ್ಟೊತ್ತಾತ್ರಿ?”

“ಹತ್ತು ನಿಮಿಷ ಆಗಿರಬೇಕು.”

“ನೀರ ಎಲ್ಲೀದು? ಬೋರಿಂದೇನು?”

“ಹೌದು.”

ಅವನು ತಲೆಯಾಡಿಸಿದ. “ಸುಣ್ಣ ಕಟ್ಟೈತಿ ತೂತಿಗೆ. ಒಬ್ರೂ ಹೊರಗ ಬರಬ್ಯಾಡ್ರಿ.”

ಮುಚ್ಚಳದ ಕಡೆಯೂ ಅಲ್ಲದೆ ತಳದ ಕಡೆಯೂ ಅಲ್ಲದೆ, ಅಡ್ಡದಿಂದ, ಧ್ವಜದ ಕಟ್ಟೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಸರಿಯುತ್ತ ಹೋದ. ಕಟ್ಟೆಯ ಹಿಂದೆ ನೆಲಕ್ಕೆ ಬೋರಲು ಮಲಗಿ ಕೊಂಡಿ ಚಾಚಿದ. ಕೊಂಡಿ ತಟ್ಟೆಗೆ ಮುಟ್ಟಲು ಒಂದು ಗೇಣು ಕಡಿಮೆ ಬಿತ್ತು. ಅವನು ಕಟ್ಟೆಯಿಂದ ಭುಜದಷ್ಟು ಹೊರಗೆ ಸರಿದ. ಸಾನಿಕಾ ನನ್ನ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಉಗುರಿನ ಗುರುತು ಮೂರು ದಿನ ಇತ್ತು. ಕೊಂಡಿ ತಟ್ಟೆಗೆ ಸಿಕ್ಕಿತು. ಎಳೆದ. ಬತ್ತಿಗಳು ಉರುಳಿದವು, ಬಂಡಿ ಸ್ವಲ್ಪ ವಾಲಿತು.

ಅಷ್ಟಕ್ಕೇ ಮುಚ್ಚಳದ ಬೆಸುಗೆ ಬಿಟ್ಟಿತು.

ಸದ್ದು ಪಟಾಕಿಯಂತಿರಲಿಲ್ಲ. ದೊಡ್ಡ ಬಟ್ಟೆಯನ್ನು ಒಮ್ಮೆಗೇ ಹರಿದಂತಿತ್ತು. ಬಿಳಿ ಮೋಡವೊಂದು ಅಂಗಳ ತುಂಬಿತು. ಡಬ್ಬಿ ಬಂಡಿಯನ್ನು ಬಿಟ್ಟು ಹಾರಿ, ನೆಲಕ್ಕೆ ಉಜ್ಜಿ ಕಿಡಿ ಎಬ್ಬಿಸಿ, ಇಡೀ ಅಂಗಳ ದಾಟಿ ಕಾಂಪೌಂಡಿಗೆ ಬಡಿಯಿತು. ಮುಚ್ಚಳ ಇನ್ನೊಂದು ದಿಕ್ಕಿಗೆ ಹೋಗಿ, ಐದು ಜನ ಮಕ್ಕಳು ಸ್ವಲ್ಪ ಮೊದಲು ಬಗ್ಗಿ ನಿಂತಿದ್ದ ಜಾಗದ ಮೇಲಿಂದ ಹಾದು ಗೋಡೆಗೆ ಬಡಿದು ಬಿತ್ತು. ಮೋಡ ಕರಗಿದಾಗ ಭರಮಪ್ಪ ಎದ್ದು ಕೂತಿದ್ದ. ಬಲ ಮುಂಗೈ ಮೇಲೆ ಕುದಿನೀರು ಸಿಡಿದು ಚರ್ಮ ಕೆಂಪಾಗಿತ್ತು. ಅವನು ಅದನ್ನು ನೋಡಿಕೊಳ್ಳಲಿಲ್ಲ. ಮಗಳ ಕಡೆ ನೋಡಿ, “ಪಾಟಿಚೀಲ ತಗೋ” ಎಂದಷ್ಟೇ ಅಂದ. ಟಾಕಿಯ ನಳದಲ್ಲಿ ಕೈ ಹಿಡಿದು ಬಹಳ ಹೊತ್ತು ನಿಂತಿದ್ದ, ಆಮೇಲೆ ಅವಳನ್ನು ಕರೆದುಕೊಂಡು ಹೋದ.

ರಸ್ತೆಯಲ್ಲಿದ್ದವನ ಮೊಬೈಲಿನ ವಿಡಿಯೋ ಸಂಜೆಯೊಳಗೆ ಊರ ತುಂಬ ಹರಡಿತು. ಮರುದಿನ ಮೇಲಿನ ಕಚೇರಿಯಿಂದ ಹೆಡ್‌ಮಾಸ್ತರರಿಗೆ ಫೋನು ಬಂತು. ವರದಿ ಕೊಡಿ ಎಂದರು.

ನಮ್ಮ ಹೆಡ್‌ಮಾಸ್ತರರು ಕೆಟ್ಟವರಲ್ಲ. ನಿವೃತ್ತಿಗೆ ಒಂದು ವರ್ಷವಿತ್ತು, ಹೆದರಿದ್ದರು. “ನಿಮ್ಮದಿನ್ನೂ ಪ್ರೊಬೇಶನ್ ಮುಗದಿಲ್ಲ, ಬಾಯಾರ. ಒಂದ್ ಕೆಂಪು ಗೆರಿ ಬಿತ್ತಂದ್ರ ನೌಕರಿ ಹೋಗೂ ಲೆಕ್ಕ. ಮಕ್ಕಳು ಶಿಕ್ಷಕರಿಗೆ ಹೇಳದೆ ಮಾಡ್ಯಾರ ಅಂತ ಬರೀರಿ. ಆ ಹುಡಗಿ ತಂದಿ ಒಂದ್ ಸಹಿ ಹಾಕಿದ್ರ ಮುಗೀತು. ಯಾರಿಗೇನ್ ಆಗಿಲ್ಲಲ್ಲ?”

ನಾನು ಬರೆದೆ. ಇದನ್ನು ಈಗ ಬರೆಯುವಾಗಲೂ ಕೈ ತಡೆಯುತ್ತದೆ, ಆದರೆ ಅವತ್ತು ತಡೆಯಲಿಲ್ಲ. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ ಸಾನಿಕಾ, ಶಿಕ್ಷಕರ ಗಮನಕ್ಕೆ ತಾರದೆ, ಎಂದು ಶುರುವಾಗುವ ಐದು ಸಾಲು. ನನ್ನ ಅಕ್ಷರ ದುಂಡಗಿದೆ, ಎಲ್ಲರೂ ಹೊಗಳುತ್ತಾರೆ. ಆ ಐದು ಸಾಲೂ ದುಂಡಗೇ ಬಂದವು.

ಶನಿವಾರ ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಭರಮಪ್ಪನ ಮನೆಗೆ ಹೋದೆ. ಸಾನಿಕಾ ಶುಕ್ರವಾರದಿಂದ ಶಾಲೆಗೆ ಬಂದಿರಲಿಲ್ಲ. ಅವಳ ತಾಯಿ ಗಡಿಯಾಚೆಯವಳು, ಮರಾಠಿ ಮಾತಿನವಳು. “ಯಾ ಬಾಯಿ, ಬಸಾ” ಎಂದು ಚಾಪೆ ಹಾಸಿ, ಚಹಾ ಮಾಡಲು ಒಳಗೆ ಹೋದಳು. ಭರಮಪ್ಪ ಗೋಡೆಗೊರಗಿ ಕೂತಿದ್ದ. ಮುಂಗೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿತ್ತು. ಮೊಣಕೈ ಮೇಲೆ ಅದಕ್ಕಿಂತ ಬಹಳ ಹಳೆಯ, ಬೆಳ್ಳಗೆ ಸುಕ್ಕುಗಟ್ಟಿದ ಇನ್ನೊಂದು ಗಾಯದ ಗುರುತಿತ್ತು. ಸಾನಿಕಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ನಾನು ಮಾತು ಶುರುಮಾಡುವ ಮೊದಲೇ ಅವನು ಹೇಳಿದ. “ತಪ್ಪು ನಮ್ಮ ಹುಡಗೀದ್ರಿ, ಬಾಯಾರ. ಎಲ್ಲಾ ಹೇಳ್ಯಾಳ. ನಿಪ್ಪಲ್ ನಾನ ತಂದು ಹಚ್ಚಿದ್ನಿ, ಬಾಯಾರಿಗೆ ಗೊತ್ತಿರಲಿಲ್ಲ ಅಂದ್ಳು. ಹೆಡ್‌ಮಾಸ್ತರ್ ಫೋನ್ ಮಾಡಿದ್ರು, ಸಹಿ ಬೇಕಂತಲ್ಲ? ಕೊಡ್ರಿ.”

ನಾನು ಸಾನಿಕಾಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

“ಇಪ್ಪತ್ತ್ ವರ್ಷದಿಂದ ಉಗಿ ಜೋಡಿ ಇದ್ದೀನ್ರಿ,” ಅವನು ಮುಂದುವರಿಸಿದ. “ಹಿಂದಕ ಬ್ಯಾರೆ ಒಂದ್ ಕಡೆ ಕೆಲಸಕ್ಕಿದ್ದೆ. ನನ್ನ ಜೋಡಿದಾರ ಒಬ್ಬಾಂವ ಸೇಫ್ಟಿ ವಾಲ್ವ್ ಸೋರತೈತಿ ಅಂತ ತಂತಿ ಬಿಗದು ಕಟ್ಟಿದ. ಅಂವ ಹ್ವಾದ. ನಾ ಬಾಗಲದಾಗ ಇದ್ದೆ, ಇಷ್ಟಕ್ಕ ಉಳದೆ.” ಮೊಣಕೈ ಮುಟ್ಟಿ ತೋರಿಸಿದ. “ಎಲ್ಲಾರೂ ಬೆಳ್ಳಗ ಕಾಣೂದ ಉಗಿ ಅಂತಾರ. ಅದು ಉಗಿ ಅಲ್ರಿ, ಆರಿದ್ದು. ಖರೇ ಉಗಿ ಕಣ್ಣಿಗೆ ಕಾಣಂಗಿಲ್ಲ. ಕೈ ಇಟ್ಟ ಮ್ಯಾಲ ತಿಳೀತೈತಿ. ಅಂಥಾದ್ರಾಗ ಇಕಿ ಮಾರಿ ಇಟ್ಟಿದ್ಳು. ಇನ್ನ ಸಾಲಿ ಸಾಕ್ರಿ ಅಕಿಗೆ. ಮನ್ಯಾಗ ಇರ್ಲಿ.”

ಅವನು ಕಾಗದಕ್ಕಾಗಿ ಎಡಗೈ ಚಾಚಿದ. ಬಲಗೈಯಲ್ಲಿ ಪೆನ್ನು ಹಿಡಿಯಲು ಬರುವಂತಿರಲಿಲ್ಲ. “ಎಡಗೈಲೆ ಹಾಕಿದ್ರ ನಡೀತೈತೇನ್ರಿ?”

ಕಾಗದ ನನ್ನ ಚೀಲದ ಹೊರಗೆ ಅರ್ಧ ಬಂದಿತ್ತು. ಒಳಗೆ ಚಹಾ ಕುದಿಯುವ ಸದ್ದು. ಅದನ್ನು ಕೊಟ್ಟುಬಿಟ್ಟಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತವಳಿಗೆ ಮಾತ್ರ ಗೊತ್ತಿರುತ್ತಿತ್ತು.

“ನಿಪ್ಪಲ್ ನನ್ನದು,” ಎಂದೆ. “ನನ್ನ ಮನೆಯ ಸ್ಟೋವಿಂದು. ಸಣ್ಣ ತೂತು ಬೇಕು ಅಂತ ಹೇಳಿದವಳು ನಾನು. ಬೆಸುಗೆ ಹಾಕಿಸಿದವಳೂ ನಾನು. ಸಾನಿಕಾ ನಿಮಗೆ ಸುಳ್ಳು ಹೇಳಿದ್ದಾಳೆ. ನನಗೋಸ್ಕರ. ಈ ಕಾಗದದಲ್ಲಿರೋದೂ ಸುಳ್ಳು, ಅದನ್ನು ಬರೆದದ್ದು ನಾನೇ.”

ಕಾಗದವನ್ನು ಹರಿದೆ. ಅದು ನೆಟ್ಟಗೆ ಹರಿಯಲಿಲ್ಲ.

ಭರಮಪ್ಪ ಎದ್ದ, ಚಪ್ಪಲಿ ಮೆಟ್ಟಿದ, ನನ್ನ ಮುಖ ನೋಡದೆ ಹೊರಗೆ ಹೋದ. ಅವನ ಹೆಂಡತಿ ತಂದ ಚಹಾವನ್ನು ನಾನು ಹೇಗೆ ಕುಡಿದೆನೋ ನೆನಪಿಲ್ಲ. ಸಾನಿಕಾ ಬಾಗಿಲ ತನಕ ಬಂದಳು. “ಯಾಕ ಹೇಳಿದ್ರಿ, ಬಾಯಾರ? ನಾ ಬಯ್ಸಿಕೊಂಡ ಮುಗಿಸಿದ್ನಿ,” ಎಂದು ಅತ್ತಳು.

ಭಾನುವಾರ ಬಾಡಿಗೆ ಕೋಣೆಯಲ್ಲಿ ಕೂತು ಹೊಸ ವರದಿ ಬರೆದೆ. ಆಗಿದ್ದು ಆದ ಹಾಗೆ. ಸೋಮವಾರ ಹೆಡ್‌ಮಾಸ್ತರರು ಅದನ್ನೋದಿ ಕನ್ನಡಕ ತೆಗೆದರು. “ನಿಮ್ಮಿಷ್ಟ,” ಎಂದು ಮೇಲಕ್ಕೆ ಕಳಿಸಿದರು. ಸಾನಿಕಾಳ ಜಾಗ ಅವತ್ತೂ ಖಾಲಿ, ಮಂಗಳವಾರವೂ ಖಾಲಿ. ಪಾಠ ಮಾಡುವಾಗ ನಾನು ಆ ಬೆಂಚಿನ ಕಡೆ ತಿರುಗುತ್ತಿರಲಿಲ್ಲ.

ಬುಧವಾರ ಪ್ರಾರ್ಥನೆ ಮುಗಿಯುವಾಗ ಗೇಟಿನಲ್ಲಿ ಅಪ್ಪ ಮಗಳು ಇಬ್ಬರೂ ಬಂದು ನಿಂತರು. ಭರಮಪ್ಪ ನಮಸ್ಕಾರ ಮಾಡಲಿಲ್ಲ. ಸೀದಾ ನನ್ನ ಹತ್ತಿರ ಬಂದು, “ಸಿಟ್ಟು ಇನ್ನೂ ಇಳದಿಲ್ರಿ,” ಎಂದ. “ಆದ್ರ ನೀವು ಹೇಳದಿದ್ರೂ ನಡೀತಿತ್ತು. ಹೇಳಿದ್ರಿ. ಅಕಿ ಸಾಲೀಗೆ ಬರ್ತಾಳ. ಒಂದ್ ಮಾತು. ಇನ್ನ ಮ್ಯಾಲ ನೀರು ಬೆಂಕಿ ಕೂಡೂ ಕೆಲಸ ಏನಿದ್ರೂ ನನ್ನ ಕೇಳಿ ಮಾಡಬೇಕು.”

“ಆಗಲಿ,” ಎಂದೆ.

ಅವನು ತನ್ನ ರಜೆಯ ದಿನ ಬಂದು ಒಂಬತ್ತನೆಯ ತರಗತಿಯ ಮುಂದೆ ನಿಂತ. ಮೊದಲು ಮುಚ್ಚಳ ಹಾರಿದ ಆ ಡಬ್ಬಿಯನ್ನು ಎಲ್ಲರ ಕೈಯಲ್ಲೂ ಕೊಟ್ಟು ಮುಟ್ಟಿಸಿದ. ಉಗಿಗೆ ಹೋಗಲು ಒಂದು ದಾರಿಯಿದ್ದರೆ ಸಾಲದು, ಅದು ಕಟ್ಟಿದಾಗ ಇನ್ನೊಂದು ಇರಬೇಕು, ಯಾವತ್ತೂ ಕಟ್ಟದ ದಾರಿಯಾದರೆ ಇನ್ನೂ ಚಲೋ ಎಂದು ಹೇಳಿದ. ಆಮೇಲೆ ಕಿಸೆಯಿಂದ ಒಂದು ಮಾರು ತೆಳ್ಳನೆಯ ತಾಮ್ರದ ನಳಿಕೆ ತೆಗೆದ. ನಿಪ್ಪಾಣಿಯಲ್ಲಿ ಫ್ರಿಜ್ ರಿಪೇರಿಯವನ ಹತ್ತಿರ ಸಿಕ್ಕಿದ್ದಂತೆ. ಪೆನ್ಸಿಲ್ಲಿಗೆ ಸುತ್ತಿ ಸುರುಳಿ ಮಾಡಿಸಿ, ಥರ್ಮಾಕೋಲಿನ ದೋಣಿಗೆ ಕೂರಿಸಿ, ನಳಿಕೆಯ ಎರಡೂ ತುದಿಯನ್ನು ದೋಣಿಯ ಹಿಂದೆ ನೀರೊಳಗೆ ಇಳಿಬಿಟ್ಟೆವು. ಸುರುಳಿಯ ಕೆಳಗೆ ಒಂದೇ ಮೇಣದಬತ್ತಿ. ಒಳಗಿನ ನೀರು ಉಗಿಯಾಗಿ ಹಿಂದಕ್ಕೆ ನೀರನ್ನು ತಳ್ಳುತ್ತದೆ, ತಣಿದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ, ಮತ್ತೆ ತಳ್ಳುತ್ತದೆ. ಎರಡು ಬಾಯಿ, ಎರಡೂ ಯಾವಾಗಲೂ ತೆರೆದೇ. ಮುಚ್ಚಳವಿಲ್ಲ, ಬೆಸುಗೆಯಿಲ್ಲ.

ಪ್ರದರ್ಶನಕ್ಕೆ ನಾಲ್ಕು ದಿನವಿರುವಾಗ ವಿಚಾರಣೆಗೆ ಅಧಿಕಾರಿ ಬಂದರು. ಅದರ ಫಲ ಮುಂದೆ ತಿಳಿಯಿತು. ನೌಕರಿ ಉಳಿಯಿತು, ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಸೇರಿತು, ಅದು ಇಂದಿಗೂ ಅಲ್ಲಿದೆ. ಚಿಕ್ಕೋಡಿಯಲ್ಲಿ ನಮ್ಮ ದೋಣಿಗೆ ಬಹುಮಾನವೇನೂ ಬರಲಿಲ್ಲ. ಆದರೆ ಆ ದಿನ ಇದೊಂದೂ ಗೊತ್ತಿರಲಿಲ್ಲ. ಹೆಡ್‌ಮಾಸ್ತರರ ಕೋಣೆಯಲ್ಲಿ ನನ್ನನ್ನು ಒಂದು ಗಂಟೆ ಕೂರಿಸಿ ಕೇಳಿದರು. ಆಮೇಲೆ ಸಾನಿಕಾಳನ್ನು ಕರೆಸಿದರು. ಭರಮಪ್ಪ ಬಾಗಿಲ ಹೊರಗೆ ನಿಂತಿದ್ದ.

“ಹೆದರಬ್ಯಾಡ,” ಅಧಿಕಾರಿ ಹೇಳಿದರು. “ಯಾರ ತಪ್ಪು ಅಂತ ಹೇಳು.”

ಅವಳು ಕೈಕಟ್ಟಿ ನಿಂತು, ಪ್ರಯೋಗದ ವಹಿಯಲ್ಲಿ ಬರೆದದ್ದನ್ನು ಓದುವವಳ ಹಾಗೆ ಹೇಳಿದಳು. “ಡಬ್ಬಿ ನಂದ್ರಿ. ನಿಪ್ಪಲ್ ಬಾಯಾರದ್ರಿ. ಬೋರಿನ ನೀರ ಹಾಕಿದ್ದು ಎಲ್ಲಾರೂ ರೀ. ಪಿನ್ ಹಿಡದು ಮಾರಿ ಇಟ್ಟಿದ್ದು ನಾನ್ರಿ. ಎಳದು ಉಳಸಿದ್ದು ಬಾಯಾರ್ರಿ. ಬೆಂಕಿ ತಗದಾಂವ ನಮ್ಮಪ್ಪಾರಿ.”

“ಹಿಂಗ ಬರಕೊಂಡ್ರ ನಿಮ್ಮ ಬಾಯಾರಿಗೆ ತ್ರಾಸ ಆಗತೈತಿ. ಗೊತ್ತೈತೇನು?”

ಅವಳು ನನ್ನ ಕಡೆ ನೋಡಿದಳು. ನಾನು ಹೇಳು ಎಂಬಂತೆ ತಲೆಯಾಡಿಸಿದೆ. “ಗೊತ್ತೈತ್ರಿ,” ಎಂದಳು. “ಆದ್ರ ಆಗಿದ್ದು ಹಂಗ ರೀ.”

ಅಧಿಕಾರಿ ಬರೆದುಕೊಂಡರು. ಪೆನ್ನಿನ ಮುಚ್ಚಳ ಹಾಕಿ, “ಎಲ್ಲಿ, ಆ ದೋಣಿ ಬಿಡ್ರಿ, ನೋಡೂಣು,” ಎಂದರು.

ಅಂಗಳದಲ್ಲಿ ಅದೇ ಸಿಮೆಂಟು ನೆಲದ ಮೇಲೆ ಟಬ್ಬಿನಂಥ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೀರು ತುಂಬಿಟ್ಟೆವು. ಸಾನಿಕಾ ನಳಿಕೆಗೆ ನೀರು ತುಂಬಿ ದೋಣಿಯನ್ನು ಬಿಟ್ಟಳು, ಬತ್ತಿ ಹಚ್ಚಿದಳು. ದೋಣಿ ಅಲುಗಲಿಲ್ಲ. ನಾನು ಮಕ್ಕಳ ಕಡೆ ನೋಡಿದೆ. ಯಾರೂ ಹೇಳದೆಯೇ ಎಲ್ಲರೂ ಹಿಂದೆ ಸರಿದು, ಟಾಕಿಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಕೆಲವರು ಕಿವಿ ಮುಚ್ಚಿಕೊಂಡಿದ್ದರು. ಅವರಿಗೆ ಇಂಥ ಭಯ ಕಲಿಸಿದವಳು ನಾನು.

ನಳಿಕೆಯ ತುದಿಯಲ್ಲಿ ನೀರು ಬುಳಬುಳ ಎಂದಿತು. ದೋಣಿ ಒಮ್ಮೆ ತಡವರಿಸಿ, ಬುಟ್ಟಿಯ ಅಂಚು ಹಿಡಿದು ಮೆಲ್ಲಗೆ ಹೊರಟಿತು.

ಭರಮಪ್ಪ ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಕ್ಕಳ ಕಡೆ ಕೈ ಮಾಡಿದ. “ಬರ್ರಿ, ಹತ್ತರ ಬರ್ರಿ. ಇದು ಏನೂ ಮಾಡಂಗಿಲ್ಲ.” ಒಬ್ಬಳು ಬಂದಳು. ಆಮೇಲೆ ಇಬ್ಬರು. ಆಮೇಲೆ ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿದರು. ಅಧಿಕಾರಿಯೂ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

ಗೋಡೆಯ ಹತ್ತಿರ ಉಳಿದವಳು ನಾನೊಬ್ಬಳೇ.

ಭರಮಪ್ಪ ತಿರುಗಿ ನೋಡಿದ. ಸ್ವಲ್ಪ ಸರಿದು ತನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದ.

“ಬಾಯಾರ,” ಎಂದ, “ನೀವೂ ಬರ್ರಿ.”